ನಳಿಗೆ ಆರಿಸಿದ್ದಾಯಿತು, ಬಂದೂಕು ಮಾತ್ರ ಬಾಕಿ

ನಮ್ಮ ತಾಲ್ಲೂಕಿನಲ್ಲಿ ಬಂದೂಕಿನ ಮಾತು ಹೊಸದೇನಲ್ಲ. 1974ರಲ್ಲಿ ಸರ್ಕಾರ ಕೃಷ್ಣಮೃಗಗಳಿಗೆಂದು ರಾಣೇಬೆನ್ನೂರು ಅಭಯಾರಣ್ಯ ಘೋಷಿಸಿತು. ಅದರ ಗಡಿ ಎಲ್ಲಿಗೆ ಮುಗಿಯುತ್ತದೆಂದು ಮೃಗಗಳಿಗೆ ಮಾತ್ರ ಯಾರೂ ತಿಳಿಸಿದಂತಿಲ್ಲ. ಅವು ಗೋವಿನಜೋಳದ ಹೊಲವನ್ನೂ ಅಭಯಾರಣ್ಯವೆಂದೇ ತಿಳಿದಿವೆ. ಹಗಲು ಅವು, ರಾತ್ರಿ ಹಂದಿ. ಹೀಗಾಗಿ ಕುಪ್ಪೇಲೂರಿನ ಕಟ್ಟೆಯ ಮೇಲೆ ಕೂತವರಿಗೆಲ್ಲ ಬಂದೂಕು ಬೇಕು. ನನಗೆ ಹುಚ್ಚು ಹತ್ತಿದ್ದು ಮಾತ್ರ ಹಂದಿಯಿಂದಲ್ಲ, ಅಮೆರಿಕದಿಂದ.

ಟೆಕ್ಸಾಸಿನಲ್ಲಿರುವ ಸೋದರಳಿಯ ರಜೆಗೆ ಬಂದವನು ಬಣ್ಣದ ಕ್ಯಾಟಲಾಗೊಂದನ್ನು ಬಿಟ್ಟುಹೋದ. ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ನುಗಳದ್ದು. ವಾರಾಂತ್ಯದಲ್ಲಿ ಮಣ್ಣಿನ ತಟ್ಟೆ ಹೊಡೆಯಲು, ಚಳಿಗಾಲದಲ್ಲಿ ಬಾತುಕೋಳಿ ಬೇಟೆಗೆ, ಎರಡಕ್ಕೂ ಒಂದೇ ಬಂದೂಕು. ಆ ತಟ್ಟೆಯಲ್ಲಿ ಮಣ್ಣು ಹೆಸರಿಗಷ್ಟೇ. ಡಾಂಬರಿನಂಥ ಅಂಟು, ಸುಣ್ಣಕಲ್ಲಿನ ಪುಡಿ ಸೇರಿಸಿ ಎರಕ ಹೊಯ್ದ, ಅಂಗೈಯಗಲದ ಬಿಲ್ಲೆ. ಮೊದಲು ಜೀವಂತ ಪಾರಿವಾಳಗಳನ್ನೇ ಹಾರಿಸಿ ಹೊಡೆಯುತ್ತಿದ್ದರು, 1900ರ ಪ್ಯಾರಿಸ್‌ನಲ್ಲಿ ಅದರ ಪಂದ್ಯವೇ ನಡೆದಿತ್ತು. ಬಿಲ್ಲೆ ಬಂದದ್ದು ಪಾರಿವಾಳದ ಪುಣ್ಯ.

ಓದುತ್ತ ಓದುತ್ತ ನಾನು ಪಂಡಿತನಾದೆ. ಹನ್ನೆರಡು ಬೋರು ಎಂದರೆ ನಳಿಗೆಯ ಅಳತೆಯ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತದೆ ಎಂದು ಚಹಾದಂಗಡಿಯಲ್ಲಿ ಕೇಳದವರಿಗೂ ಹೇಳಿದೆ. ಗ್ಯಾಸ್ ಮಾದರಿಯದ್ದಾದರೆ ಸಿಡಿದ ಮದ್ದಿನ ಹೊಗೆಯ ಒತ್ತಡವೇ ಖಾಲಿ ತೋಟಾ ಹೊರದೂಡಿ ಹೊಸದನ್ನು ತುಂಬುತ್ತದೆ. ಹೆಗಲಿಗೆ ಒದೆತ ಕಡಿಮೆ, ಆದರೆ ಒಳಗೆ ಮಸಿ ಹಿಡಿಯುತ್ತದೆ. ಬಂದೂಕಿನ ಹಿನ್ನೊದೆತದಿಂದಲೇ ನಡೆಯುವ ಇನ್ನೊಂದು ಮಾದರಿ ಹಗುರ, ಸ್ವಚ್ಛ, ಒದೆತ ಮಾತ್ರ ಜೋರು. ರಾತ್ರಿ ಊಟಕ್ಕೆ ಕೂತಾಗ ‘ನನಗ ಗ್ಯಾಸೇ ಸೈ’ ಎಂದು ತೀರ್ಪು ಕೊಟ್ಟೆ. ಮನೆಯವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಸಿಲಿಂಡರ್ ಮುಗದೈತ್ರಿ, ಮೊದ್ಲ ಅದನ್ನ ಬುಕ್ ಮಾಡ್ರಿ.’

ಆಮೇಲೆ ಕಣ್ಣಿನ ಪರೀಕ್ಷೆ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ಹಿಡಿಯಬೇಕು, ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಯಾವ ಕಣ್ಣಿಗೆ ಬೆರಳು ಕಂಬದ ಮೇಲೆಯೇ ನಿಲ್ಲುತ್ತದೋ ಅದು ಯಜಮಾನ ಕಣ್ಣು. ನಾನು ಬಲಗೈಯವನು, ನನ್ನ ಯಜಮಾನ ಎಡಗಣ್ಣು. ಬಂದೂಕನ್ನು ಎಡಹೆಗಲಿಗೆ ಇಡಬೇಕು, ಆದರೆ ಸಾಮಾನ್ಯ ಸೆಮಿ ಆಟೊಮ್ಯಾಟಿಕ್ ಖಾಲಿ ತೋಟಾವನ್ನು ಬಲಕ್ಕೆ ಉಗುಳುತ್ತದೆ, ಅಂದರೆ ನನ್ನ ಮುಖದ ಮುಂದೆಯೇ ಹಾಯಿಸಿ. ಎಡಗೈಯವರ ಮಾದರಿಯೇ ಬೇಕೆಂದು ಕ್ಯಾಟಲಾಗಿನಲ್ಲಿ ಗುರುತು ಹಾಕಿದೆ.

ಬಂದೂಕು ಬರುವತನಕ ರೂಢಿಯಾಗಲೆಂದು ಅಟ್ಟದ ಮೇಲಿನ ಒನಕೆ ಇಳಿಸಿದೆ. ಹಾರುವುದನ್ನು ಹೊಡೆಯುವಾಗ ಅದರ ಮೇಲೆ ಗುರಿಯಿಡಬಾರದು, ಹಿಂದಿನಿಂದ ಅಟ್ಟಿಸಿಕೊಂಡು ಹೋಗಿ ದಾಟಿ ಮುಂದಕ್ಕೆ ಇಡಬೇಕು, ಕೈ ನಿಲ್ಲಿಸಬಾರದು. ಮಾಳಿಗೆ ಹತ್ತಿ ಹಾರುವ ಬೆಳ್ಳಕ್ಕಿ, ಕಾಗೆಗಳ ಮುಂದೆ ಒನಕೆ ತಿರುವತೊಡಗಿದೆ. ಆಚೆಮನೆಯ ಅಜ್ಜಿ ನೋಡಿ, ಪಾಪ, ನನಗೆ ಯಾವುದೋ ಗಾಳಿ ಸೋಕಿದೆಯೆಂದು ಮನೆಯವಳ ಕೈಗೆ ವಿಭೂತಿ ಕೊಟ್ಟು ಕಳಿಸಿದಳು. ಒಂದು ಸಂಜೆ ಬೆಳ್ಳಕ್ಕಿ ಜೋರಾಗಿ ಹಾರಿತು. ನಾನು ನಿಯಮದಂತೆ ಕೈ ನಿಲ್ಲಿಸಲಿಲ್ಲ. ಒಣಗಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯ ರಾಶಿಯಲ್ಲಿ ಕಾಲು ಜಾರಿತು, ಒನಕೆ ನೀರಿನ ಟಾಕಿಗೆ ಬಡಿಯಿತು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ಒದ್ದೆ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಯಜಮಾನ ಕಣ್ಣೇ ಮೊದಲು ಮುಚ್ಚಿತು.

ಮಂಡಿಗೆ ಅರಿಸಿನ ಹಚ್ಚಿಕೊಂಡು ಪರವಾನಗಿಯ ವಿಚಾರ ಕೇಳಲು ನಿವೃತ್ತ ಹವಾಲ್ದಾರ್ ಕಾಕಾರ ಬಳಿ ಹೋದೆ. ಕ್ಯಾಟಲಾಗನ್ನು ಮೊದಲಿಂದ ಕೊನೆಯವರೆಗೆ ಮಗುಚಿ ಹಾಕಿ ಅವರು ಅಂದರು: ‘ಬಂದೂಕ ಛಲೋ ಅದಾವಲೇ ತಮ್ಮಾ. ಆದ್ರ 2016ರ ನಿಯಮದಾಗ ಸೆಮಿ ಆಟೊಮ್ಯಾಟಿಕ್ ನಿರ್ಬಂಧದ ಪಟ್ಟಿಯೊಳಗ ಐತಿ. ನಿನ್ನಂಥವಗ ಸಾದಾ ಲೈಸೆನ್ಸಿನ ಮ್ಯಾಲೆ ಸಿಗೂದಿಲ್ಲ.’

‘ಬೆಳಿ ಕಾಯಾಕ ಅಂತ ಅರ್ಜಿ ಹಾಕಿದ್ರ?’

1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯುವವನಿಗೆಂದು ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ಗಿಡಿದು ತುಂಬುವ ಬಂದೂಕನ್ನು. ಒಂದು ಗುಂಡು ಹಾರಿಸಿ ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಒಂದು ಸಾಲು ಮುಗಿಸಿ ನೀರು ಕುಡಿದು ಬಂದಿರುತ್ತದೆ. ಅದನ್ನೂ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕು. ಗ್ರಾಮ ಪಂಚಾಯ್ತಿಯಿಂದ ಲೋಕಸಭೆಯವರೆಗೆ ಲೆಕ್ಕ ಹಾಕಿದರೆ ಬಂದೂಕು ನನ್ನ ಬಳಿಗಿಂತ ಹೆಚ್ಚು ದಿನ ಠಾಣೆಯಲ್ಲೇ ಇರುತ್ತಿತ್ತು.

‘ಬಾತುಕೋಳಿ?’ ಎಂದೆ, ದನಿ ತಗ್ಗಿಸಿ.

ಕಾಕಾ ಕನ್ನಡಕ ತೆಗೆದರು. ‘1972ರ ವನ್ಯಜೀವಿ ಕಾಯ್ದೆ ಗೊತ್ತೈತೇನು? ಬಾತು ಬೀಳೂ ಮೊದ್ಲ ನೀ ಒಳಗ ಬೀಳ್ತಿ.’

ಹೀಗೆ ಕೊಳ್ಳಲಾಗದ ಬಂದೂಕನ್ನು ಹೊಡೆಯಬಾರದ ಹಕ್ಕಿಗಾಗಿ ನಾನು ನಳಿಗೆಯ ಉದ್ದದವರೆಗೂ ಆರಿಸಿಟ್ಟಿದ್ದೆ. ಟಾಕಿಗೆ ತೇಪೆ ಹಾಕಿಸಿದ ಖರ್ಚು ಬೇರೆ.

ಕ್ಯಾಟಲಾಗ್ ಬೇಕಾದವರು ಬಂದು ಒಯ್ಯಬಹುದು, ಎಡಗೈ ಮಾದರಿಗಳಿಗೆ ಗುರುತು ಹಾಕಿದ್ದೇನೆ. ಬಾತುಗಳೇ ಬೇಕೆಂದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಕೆರೆ ಅದು, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಇಳಿದಿರುತ್ತವೆ. ದುರ್ಬೀನು ಒಯ್ಯಿರಿ, ಅದಕ್ಕೆ ಲೈಸೆನ್ಸ್ ಬೇಕಿಲ್ಲ.