ಗೃಹಸಾಲ ಕಡತ ಮೀಮಾಂಸೆ (ಹೈದರಾಬಾದ್ ಶಾಖೆ)

ನಮ್ಮ ದರ್ಶನಗಳು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಹಲವು ಪ್ರಮಾಣಗಳನ್ನು ಒಪ್ಪುತ್ತವೆ. ಗೃಹಸಾಲ ಶಾಸ್ತ್ರ ಒಪ್ಪುವುದು ಒಂದನ್ನೇ: ಸಹಿ ಹಾಕಿದ ಝೆರಾಕ್ಸ್. ಅರ್ಜಿದಾರ ಮೇಜಿನೆದುರು ಕೂತು ಬೆವರುತ್ತಿರುವುದು ಪ್ರತ್ಯಕ್ಷವೇ ಆದರೂ ಅದು ಲೆಕ್ಕಕ್ಕಿಲ್ಲ. ಆಧಾರ್, ಪ್ಯಾನ್ ನಕಲುಗಳ ಮೇಲೆ ಅಸಲು ನೋಡಿ ತಾಳೆ ಹಾಕಿದ್ದಕ್ಕೆ ಗುರುತಾದ 'ಓಎಸ್‌ವಿ' ಮೊಹರು ಬಿದ್ದ ಮೇಲೆಯೇ ಅವನಿಗೆ ಅಸ್ತಿತ್ವ.

ಹೈದರಾಬಾದಿನಲ್ಲಿ ಕನ್ನಡಿಗನ ಪಾಡು ಬೇರೆಯೇ. ತೆಲುಗರ ಮನೆತನದ ಹೆಸರು ರಾಜಾರೋಷವಾಗಿ ಮುಂದೆ ನಿಲ್ಲುತ್ತದೆ. ನಮ್ಮ ಇನಿಷಿಯಲ್ಲಿನಲ್ಲಿ ಊರೂ ಅಪ್ಪನೂ ಮುದುರಿಕೊಂಡು ಕೂತಿರುತ್ತಾರೆ. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಎಚ್. ಬಿ. ಮಂಜುನಾಥ', ಪ್ಯಾನ್ ಕಾರ್ಡಿನಲ್ಲಿ 'ಮಂಜುನಾಥ ಬಸಪ್ಪ ಹುಮನಾಬಾದ್', ಸ್ಯಾಲರಿ ಸ್ಲಿಪ್ಪಿನಲ್ಲಿ ಬರೀ 'ಮಂಜುನಾಥ್ ಎಚ್'. ಮೂವರೂ ಒಬ್ಬನೇ ಎನ್ನಲು ಅಫಿಡವಿಟ್ ಬೇಕು. ಶಂಕರಾಚಾರ್ಯರು ಭಾಷ್ಯದ ಮೇಲೆ ಭಾಷ್ಯ ಬರೆದು ಸಾಧಿಸಿದ ಅಭೇದವನ್ನು ನೋಟರಿಯವರು ಸ್ಟಾಂಪ್ ಪೇಪರಿನ ಮೇಲೆ ಊಟದ ಹೊತ್ತಿಗಿಂತ ಮುಂಚೆಯೇ ಸಾಧಿಸಿಕೊಡುತ್ತಾರೆ.

ಮನುಷ್ಯನ ಯೋಗ್ಯತೆಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, 900ರೊಳಗಿನ ಒಂದು ಸಿಬಿಲ್ ಅಂಕೆ ಸಾಕು. ಮಣ್ಣಿಗೆ ಮಾತ್ರ ಮೂವತ್ತು ವರ್ಷದ ವಂಶಾವಳಿ ಬೇಕು. ಗಂಡು ನೋಡುವಾಗಲೂ ಯಾರೂ ಇಷ್ಟು ಕೆದಕುವುದಿಲ್ಲ. ಈ ವಂಶಾವಳಿಗೆ ಲಿಂಕ್ ಡಾಕ್ಯುಮೆಂಟ್ ಎಂಬ ಹಿಂದಿನ ಮಾಲೀಕರ ಪತ್ರಗಳು, ಈಸಿ ಎಂಬ ಋಣಭಾರ ಪ್ರಮಾಣಪತ್ರ ಎಂದು ಎರಡು ಆಕರಗಳು. ತೆಲಂಗಾಣದಲ್ಲಿ ಈಸಿ ಆನ್‌ಲೈನಿನಲ್ಲಿ ಸಿಗುವುದು 1983ರ ಜನವರಿ 1ರಿಂದ ಈಚೆಗೆ. ಅದರಾಚೆಯದು ಇತಿಹಾಸಪೂರ್ವ ಯುಗ. ಬ್ಯಾಂಕಿನ ವಕೀಲರಿಗೆ ಗುಮಾನಿ ಬಂತೋ, ಸಬ್ ರಿಜಿಸ್ಟ್ರಾರ್ ಕಚೇರಿಯ ದಪ್ಪ ಪುಸ್ತಕಗಳ ಧೂಳು ಕೊಡವಿ, 1954-55ರ ಖಾಸ್ರಾ ಪಹಣಿ ದಾಟಿ, ನಿಜಾಮರ ಕಾಲದ ಭೂದಾಖಲೆಯಾದ ಸೇತ್ವಾರದವರೆಗೂ ಇಳಿಯಬೇಕು. ಅದು ಉರ್ದು. ಬೀದರ್, ಕಲಬುರಗಿ, ರಾಯಚೂರುಗಳು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯ ಎಷ್ಟೋ ಅಜ್ಜಂದಿರು ಶಾಲೆಯಲ್ಲಿ ಉರ್ದು ಕಲಿತವರು. ಮೊಮ್ಮಗ ಇಂಗ್ಲಿಷ್ ಮೀಡಿಯಮ್. ಹೀಗಾಗಿ ಅನುವಾದಕರಿಗೆ ಫೀಸು. 2024ರಲ್ಲಿ ಕೆರೆ ಒತ್ತುವರಿ ತೆರವುಗೊಳಿಸುವ ಹೈಡ್ರಾ ಸಂಸ್ಥೆ ಹುಟ್ಟಿದ ಮೇಲೆ ಪ್ಲಾಟು ಕೆರೆಯ ಎಫ್‌ಟಿಎಲ್, ಅಂದರೆ ತುಂಬಿದಾಗಿನ ನೀರಿನ ಮಟ್ಟದ, ಗೆರೆಯೊಳಗೆ ಬರುತ್ತದೆಯೇ ಎಂಬ ಜಲಶಾಸ್ತ್ರವೂ ಸಿಲೆಬಸ್ಸಿಗೆ ಸೇರಿದೆ.

ಈ ವಿದ್ಯೆಯ ನಿಜವಾದ ಆಚಾರ್ಯ ಬ್ಯಾಂಕಿನಲ್ಲಿಲ್ಲ, ಝೆರಾಕ್ಸ್ ಅಂಗಡಿಯಲ್ಲಿದ್ದಾನೆ. ಕಡತದ ದಪ್ಪ ನೋಡಿಯೇ "ಹೋಮ್ ಲೋನ್ ಸೆಟ್ಟಾ?" ಎನ್ನುತ್ತಾನೆ. ಕ್ಯಾನ್ಸಲ್ ಮಾಡಿದ ಚೆಕ್ಕು ಎಲ್ಲಿ ಬರಬೇಕು, ಸೇಲ್ ಡೀಡಿನ ಬೆನ್ನಮೇಲಿನ ಮೊಹರೂ ನಕಲಾಗಬೇಕು ಎಂಬುದೆಲ್ಲ ಅವನಿಗೆ ಕಂಠಪಾಠ.

ಇಷ್ಟು ಬೆವರು ಸುರಿಸಿ ಕೂಡಿಸಿದ್ದೆಲ್ಲ ಕಡೆಗೆ ಕೊಟ್ಟುಬಿಡಲಿಕ್ಕೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58(ಎಫ್) ಪ್ರಕಾರ, ಸಾಲದ ಭದ್ರತೆಗೆಂದು ಅಸಲು ಪತ್ರ ಒಪ್ಪಿಸಿದರೆ ಅಡಮಾನ ಆದಂತೆಯೇ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವನ್ನು ಹಿಂತಿರುಗಿಸದೆ ಬ್ಯಾಂಕೇ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ವಿಧಿಸಿದೆ. ಹಾಗಾದರೆ, ಇಪ್ಪತ್ತು ವರ್ಷ ಕಂತು ಕಟ್ಟಿದವನು 'ಬ್ಯಾಂಕಿಗೆ ಮರೆವು ಬರಲಿ' ಎಂದು ಬಿರ್ಲಾ ಮಂದಿರದ ಮೆಟ್ಟಿಲು ಹತ್ತಬಹುದೇ? ಈ ಪ್ರಶ್ನೆಗೆ ವೈದಿಕರು ಹೂಂ ಎನ್ನುತ್ತಾರೆ, ವಕೀಲರು ಫೀಸು ಕೇಳುತ್ತಾರೆ.