ಬಾಲಕ್ಕೆ ಕಟ್ಟಿದ ಒಲೆ

ಮನೆಯಲ್ಲಿ ಹಾಲು ಉಕ್ಕಿದರೂ ಸೋಫಾ ಬಿಟ್ಟೇಳದ ಗಂಡಸು, ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಕ್ಯಾಂಪಿಂಗ್ ಟ್ರೈಲರ್ ಕೊಂಡ ಮರುದಿನವೇ ಅಡುಗೆಮನೆಯ ವಿಶ್ವಕರ್ಮನಾಗುತ್ತಾನೆ. ಟ್ರೈಲರಿನ ಬಾಲಕ್ಕೊಂದು ಅಡುಗೆ ಪೆಟ್ಟಿಗೆ ಕಟ್ಟಲು ವಾರಾಂತ್ಯವೆಲ್ಲ ಗ್ಯಾರೇಜಿನಲ್ಲಿ ಬರ್ಚ್ ಪ್ಲೈವುಡ್ ಕೊಯ್ಯುವ ಸದ್ದು. ಏನು ಮಹಾರಾಯರೇ ಅಂದರೆ, "ಕಾಡಿನಲ್ಲಿ ನಾಲ್ಕು ದಿನ ಸರಳವಾಗಿ ಇದ್ದು ಬರೋಣ ಅಂತ" ಎನ್ನುತ್ತಾರೆ.

ಸರಳತೆಯ ಸಾಮಾನು ನೋಡಿ. 500 ಪೌಂಡ್ ತಡೆಯುವ ಡ್ರಾಯರ್ ಸ್ಲೈಡು. ಅದರ ಮೇಲೆ ಕೂರುವುದು ಎರಡು ಬರ್ನರಿನ ಒಲೆ, ಒಂದು ಬಾಣಲೆ. 20 ಪೌಂಡಿನ ಪ್ರೊಪೇನ್ ಸಿಲಿಂಡರ್. 12 ವೋಲ್ಟ್ ಫ್ರಿಜ್ಜು, ಫ್ರಿಜ್ಜಿಗೆ ಲಿಥಿಯಂ ಬ್ಯಾಟರಿ, ಬ್ಯಾಟರಿಗೆ ಸೋಲಾರ್ ಫಲಕ, ಫಲಕಕ್ಕೆ ಬಿಸಿಲು. ಬಿಸಿಲೊಂದೇ ಪುಕ್ಕಟೆ. ಟ್ರೈಲರ್ ನಿಲ್ಲಿಸುವುದು ಮಾತ್ರ ಮರದ ನೆರಳಲ್ಲಿ.

ಬಂಡಿಯ ಬೆನ್ನಿಗೆ ಅಡುಗೆಮನೆ ಕಟ್ಟುವುದು ಹೊಸದೇನಲ್ಲ. 1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್, ದನ ಹೊಡೆದುಕೊಂಡು ಹೋಗುವವರಿಗೆಂದು ಹಳೆಯ ಸೇನಾ ಬಂಡಿಯ ಹಿಂಬದಿಗೆ ಖಾನೆಗಳ ಪೆಟ್ಟಿಗೆ ಕೂರಿಸಿದ. ಮುಚ್ಚಳ ಇಳಿಸಿದರೆ ಅದೇ ಮೇಜು. ಕಾಫಿ, ಕಾಳು, ಹಿಟ್ಟು, ಇಷ್ಟರಲ್ಲೇ ತಿಂಗಳುಗಟ್ಟಲೆ ದಾರಿ ಸವೆಯುತ್ತಿತ್ತು. ಆ ಬಂಡಿಗೊಬ್ಬ ಅಡುಗೆಯವನಿದ್ದ. ಅದರ ಸುತ್ತ ಅವನ ಮಾತೇ ಕಾನೂನು. ಈಗಿನ ಪೆಟ್ಟಿಗೆಗೆ ಎಂಜಿನಿಯರ್ ಇದ್ದಾನೆ. ಅಡುಗೆಯವನ ಹುದ್ದೆಗೆ, ಅರ್ಜಿ ಹಾಕದಿದ್ದರೂ, ಹೆಂಡತಿಯ ನೇಮಕ ಆಗಿಹೋಗಿದೆ.

ಇನ್ನು ಈ ಪೆಟ್ಟಿಗೆಯನ್ನು ಟ್ರೈಲರಿಗೆ ಕೂರಿಸುವ ಸಂಭ್ರಮ. ಎಷ್ಟೋ ಟ್ರೈಲರುಗಳ ಗೋಡೆಯೆಂದರೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಫೋಮು. ಅದಕ್ಕೆ ಸ್ಕ್ರೂ ಹೊಡೆದರೆ ಮೊದಲ ಹಳ್ಳಕ್ಕೇ ಅಡುಗೆಮನೆ ರಸ್ತೆಪಾಲು. ಹಾಗಾಗಿ ಚಾಸಿಗೇ ಬೋಲ್ಟು ಬಿಗಿಯಬೇಕು. ಬಿಗಿದದ್ದಾಯಿತು, ಈಗ ಹಿಂಬದಿ ಭಾರ. ಒಟ್ಟು ತೂಕದ ಶೇ. 10ರಿಂದ 15ರಷ್ಟಾದರೂ ಮುಂದಿನ ಕೊಂಡಿಯ ಮೇಲೆ ಬೀಳದಿದ್ದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಅಲ್ಲಾಡಿಸತೊಡಗುತ್ತದೆ, ಕಾರನ್ನೂ ಎಳೆದಾಡುತ್ತದೆ. ಮೈತೂಕ ನೋಡುವ ಯಂತ್ರವನ್ನು ಬಚ್ಚಲಿನಿಂದ ತಂದು ಕೊಂಡಿಯ ಕೆಳಗಿಟ್ಟು, "ಲೇ, ಅಕ್ಕಿ ಡಬ್ಬ ಮುಂದಕ್ಕೆ ಸರಿಸು!" ಎಂಬ ಆಜ್ಞೆ. ಇಷ್ಟೆಲ್ಲ ತೂಗಿದವರಿಗೆ ಕೆಲಸ ಹಂಚುವಾಗ ಮಾತ್ರ ತಕ್ಕಡಿ ನೆನಪಾಗುವುದಿಲ್ಲ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮ ಕನ್ನಡಿಗರಿಗೆ ಒಂದು ನಿಜವಾದ ಲಾಭವಿದೆ, ಒಪ್ಪಬೇಕು: ಒಗ್ಗರಣೆ ಹಾಕಿದರೆ ಬಾಯಿ ಬಡಿದುಕೊಳ್ಳುವ ಸ್ಮೋಕ್ ಅಲಾರಂ ಬಯಲಿನಲ್ಲಿಲ್ಲ. ಗಾಳಿಯಿದೆ. ಸಾಸಿವೆ ಸಿಡಿಯುವ ಮೊದಲೇ ಉರಿ ಆರುತ್ತದೆ. ಮಕ್ಕಳು ಕಂಬಳಿ ಹಿಡಿದು ಒಲೆಗೆ ಕಾವಲು ನಿಲ್ಲುತ್ತಾರೆ, ಬೆಂಕಿ ಹತ್ತದಷ್ಟು ದೂರದಲ್ಲಿ.

ರಾತ್ರಿಯಾಯಿತು. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಕಾರಿನೊಳಗೂ ತಿನಿಸು ಬಿಡುವಂತಿಲ್ಲ, ಕರಡಿ ಬಾಗಿಲು ಕಿತ್ತೀತು. ಸಾರಿನ ಪುಡಿ, ಇಂಗು, ಉಪ್ಪಿನಕಾಯಿ, ಎಲ್ಲವೂ ಅಳತೆ ಹಿಡಿದು ಮಾಡಿದ ಖಾನೆಗಳಿಂದ ಇಳಿದು, ಸರ್ಕಾರ ಅಲ್ಲೇ ನೆಟ್ಟಿರುವ ಕಬ್ಬಿಣದ ಪೆಟ್ಟಿಗೆ ಸೇರಬೇಕು. ಹೊರುವುದು ಹೆಂಡತಿ, ಮಕ್ಕಳು. ಯಜಮಾನರು ಪಕ್ಕದ ಟೆಂಟಿನವನಿಗೆ ಸ್ಲೈಡು ಎಳೆದು, ತಳ್ಳಿ, ಮತ್ತೆ ಎಳೆದು ತೋರಿಸುತ್ತಿದ್ದಾರೆ.

"ಪಾತ್ರೆ ಎಲ್ಲಿ ತೊಳೆಯೋದು?" ಎಂದು ಕೇಳಿದನಂತೆ ಆ ಪುಣ್ಯಾತ್ಮ. ಸಿಂಕು ಮುಂದಿನ ವರ್ಷದ ಯೋಜನೆಯಂತೆ.