ಹೆಸರಿಲ್ಲ, ವಿಳಾಸವಿಲ್ಲ, ಬರೀ ಬೇಬಿ

ವ್ಯಾಕರಣ ಮೂಲೆಗೆಸೆಯಿರಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಿ, ಪಾಪ್ ಹಾಡು ಕೇಳುತ್ತ ಕೇಳುತ್ತ ಇಂಗ್ಲಿಷ್ ತಾನಾಗಿ ನಾಲಿಗೆಯ ಮೇಲೆ ಬಂದು ಕೂರುತ್ತದೆ ಎಂದು ಅಭಯ ನೀಡುವ ಗುರುಗಳು ಈಗ ಫೋನಿನೊಳಗೇ ಅವತರಿಸಿದ್ದಾರೆ. ಕೂರುವುದೇನೋ ನಿಜ. ಎಡಿನ್‌ಬರೋದಲ್ಲಿ ಸಂಶೋಧಕರು ಹಂಗೇರಿಯನ್ ಭಾಷೆಯ ಗಂಧವೇ ಇಲ್ಲದವರಿಗೆ ಅದರ ಮಾತುಗಳನ್ನು ಕಲಿಸಿ ನೋಡಿದರು. ಬರೀ ಹೇಳಿ ಕಲಿತವರಿಗಿಂತ ಹಾಡಿ ಕಲಿತವರ ನೆನಪೇ ಗಟ್ಟಿ ಎಂದು 2013ರಲ್ಲಿ ಸಾರಿದರು. ಮಗ್ಗಿಯನ್ನು ರಾಗವಾಗಿ ಒದರಿ ಬೆಳೆದ ನಮಗೆ ಇದನ್ನು ಹೇಳಲು ಎಡಿನ್‌ಬರೋ ಬೇಕಿರಲಿಲ್ಲ, ಇರಲಿ.

ಆದರೆ ನೆನಪಲ್ಲಿ ಉಳಿಯುವುದಾದರೂ ಏನು? ಟಿಮ್ ಮರ್ಫಿ ಎಂಬ ವಿದ್ವಾಂಸರು ಜನಪ್ರಿಯ ಪಾಪ್ ಹಾಡುಗಳನ್ನು ಗುಡ್ಡೆ ಹಾಕಿ ಜಾಲಾಡಿ 1992ರಲ್ಲಿ ಲೇಖನ ಬರೆದರು. ಅವರಿಗೆ ಕಂಡದ್ದು: ಹಾಡಿನ ತುಂಬ ಒಂದು ‘ನಾನು’, ಒಂದು ‘ನೀನು’. ಹೆಸರು ಹೇಳುವುದು ಅಪರೂಪ. ಯಾವ ಊರು, ಯಾವ ತಾರೀಕು, ಅದೂ ಗುಟ್ಟು. ಹೀಗೆ ಕಲಿತ ಶಿಷ್ಯ ಪಾಸ್‌ಪೋರ್ಟ್ ಅರ್ಜಿ ತುಂಬುವುದನ್ನು ನೋಡಬೇಕು. ಹೆಸರು? ಬೇಬಿ. ವಿಳಾಸ? ನಿನ್ನ ಹೃದಯ. ಹುಟ್ಟಿದ ದಿನ? ಟುನೈಟ್. ಉದ್ಯೋಗ? ಓ ಓ ಓ, ಯೇ ಯೇ. ಈ ವಿಷಯದಲ್ಲಿ ನಮ್ಮ ರಾಜ್‌ಕುಮಾರ್ ಎಷ್ಟೋ ವಾಸಿ; 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಅವರು ಹಾಡಿದ ಇಂಗ್ಲಿಷ್ ಹಾಡಿನಲ್ಲಿ ಯಾವತ್ತು ಬರಬೇಕೆಂಬ ಚರ್ಚೆಯಾದರೂ ಇತ್ತು.

ಇನ್ನು ವ್ಯಾಕರಣ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತನಗೆ ತೃಪ್ತಿಯಿಲ್ಲವೆಂಬುದನ್ನು ಜೋಡಿ ನಕಾರದಲ್ಲಿ ಕೂಗಿ ಹೇಳಿತು. 1979ರಲ್ಲಿ ಪಿಂಕ್ ಫ್ಲಾಯ್ಡ್ ಲಂಡನ್ನಿನ ಶಾಲಾಮಕ್ಕಳನ್ನೇ ನಿಲ್ಲಿಸಿ, ವಿದ್ಯೆ ಬೇಡವೆಂಬುದನ್ನೂ ಜೋಡಿ ನಕಾರದಲ್ಲೇ ಹಾಡಿಸಿತು. ಈ ತಂಡಗಳಿಗೆ ದುಡ್ಡು, ಕೀರ್ತಿ ಎರಡೂ ಬಂದವು. ಅದೇ ವಾಕ್ಯವನ್ನು ನೀವು ಕೆಲಸದ ಸಂದರ್ಶನದಲ್ಲಿ ಪ್ರಯೋಗಿಸಿ, ನಕಾರ ಒಂದೇ ಬರುತ್ತದೆ.

ಅಷ್ಟಕ್ಕೂ ಇಂಗ್ಲಿಷರು ತಾವೇ ಹಾಡಿನ ಪದಗಳಿಗೆ ಕಿವಿಗೊಡುತ್ತಾರೆಯೇ? ದಿ ಪೊಲೀಸ್ ತಂಡದ 1983ರ ‘ಎವ್ರಿ ಬ್ರೆತ್ ಯು ಟೇಕ್’ ಹೆಣ್ಣೊಬ್ಬಳ ಮೇಲೆ ಹಗಲಿರುಳು ಕಣ್ಣಿಟ್ಟವನ ಹಾಡು. ಬರೆದ ಸ್ಟಿಂಗ್ ಅವರೇ ಇದು ಪ್ರೇಮಗೀತೆಯಲ್ಲ ಎಂದು ಹೇಳಿ ಹೇಳಿ ಸುಸ್ತಾದರು. ದಂಪತಿಗಳು ಮದುವೆಮನೆಯಲ್ಲಿ ಅದನ್ನೇ ಹಾಕಿಸಿಕೊಂಡು ತಬ್ಬಿ ಕುಣಿಯುವುದು ನಿಂತಿಲ್ಲ. ನಾವು ಮಾತ್ರ ನೋಟ್‌ಬುಕ್ ಹಿಡಿದು ಕೂರಬೇಕಂತೆ!

ಇವರೆಲ್ಲರಲ್ಲಿ ಪ್ರಾಮಾಣಿಕನೆಂದರೆ ಇಟಲಿಯ ಗಾಯಕ ಆಡ್ರಿಯಾನೊ ಚೆಲೆಂತಾನೊ. ಇಂಗ್ಲಿಷಿನಂತೆ ಕೇಳಿಸಿದರೆ ಸಾಕು, ಜನ ಮೆಚ್ಚುತ್ತಾರೆ ಎಂಬುದು ಆತನಿಗೆ ಗೊತ್ತಿತ್ತು. 1972ರಲ್ಲಿ ಅಪ್ಪಟ ಅಮೆರಿಕನ್ ಧಾಟಿಯಲ್ಲಿ ಒಂದು ಹಾಡು ಹಾಡಿದ. ‘ಆಲ್‌ರೈಟ್’ ಎಂಬುದೊಂದನ್ನು ಬಿಟ್ಟರೆ ಅದರಲ್ಲಿದ್ದದ್ದೆಲ್ಲ ಅರ್ಥವಿಲ್ಲದ ಬಡಬಡಿಕೆ. ಹಾಡು ಗೆದ್ದಿತು. ನಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳ ಪಠ್ಯ ಅಂದೇ ಸಿದ್ಧವಾಗಿತ್ತು. ಫೀಸು ಗೊತ್ತುಮಾಡುವುದೊಂದು ಬಾಕಿಯಿತ್ತು.